ಟವಲ್ಲಿನ ಕೆಳಗಿನ ಒಂದು ಬೆರಳು

ವಡ್ಡು ಊರಿನ ರಸ್ತೆಗೆ ಗಣಿಯ ಟಿಪ್ಪರ್‌ಗಳು ಬರುವ ಮೊದಲು ಸುಂಕಪ್ಪನ ಹೆಗಲ ಟವಲ್ಲಿಗೆ ಕಂಪ್ಲಿ ಸಂತೆಯವರೆಗೂ ಹೆಸರಿತ್ತು. ಅವನು ದನದ ದಲ್ಲಾಳಿ. ಟವಲ್ಲಿನ ಕೆಳಗೆ ಕೈ ಹಿಡಿದು, ಬೆರಳು ಒತ್ತಿಯೇ ದರ ಮುಗಿಸುತ್ತಿದ್ದ. ಪಕ್ಕದಲ್ಲಿ ನಿಂತವನಿಗೂ ತಿಳಿಯುತ್ತಿರಲಿಲ್ಲ. ಸಂತೆಯಿಂದ ಬಂದರೆ ಮೈಯೆಲ್ಲ ದನದ ವಾಸನೆ. ಅವನ ಹೆಂಡತಿ ದುರ್ಗಕ್ಕನಿಗೆ ಈಗಲೂ ಆ ವಾಸನೆ ಬೇಕು.

ಅದಿರಿನ ಟಿಪ್ಪರೊಂದು ಅವನ ಎತ್ತಿಗೆ ಗುದ್ದಿತು. ಸುಂಕಪ್ಪ ಡ್ರೈವರನ್ನು ಇಳಿಸಿ ಬಡಿಗೆಯಿಂದ ಒಂದೇ ಏಟು ಹೊಡೆದ. ಡ್ರೈವರ್ ಅದೇ ಊರಿನ ಕಾಳಪ್ಪನ ಮಗ. ಮೂರನೆಯ ದಿನ ಸತ್ತ. ಸುಂಕಪ್ಪನಿಗೆ ಬಳ್ಳಾರಿ ಜೈಲಿನಲ್ಲಿ ಆರು ವರ್ಷ.

2007ರಲ್ಲಿ ಅವನು ಹೊರಗೆ ಬಂದಾಗ ಅದಿರಿನ ಧೂಳಿಗೆ ಬೇವಿನ ಎಲೆಯೂ ಕೆಂಪಾಗಿತ್ತು. ಎತ್ತು ಮಾರಿದವರು ಗಣಿಗೆ ಹೋಗಿದ್ದರು. ಮರುವರ್ಷ ಚುನಾವಣೆ. ಓಟಿನ ಪಟ್ಟಿಯಿಂದ ಅವನ ಹೆಸರು ಹೊಡೆದುಹಾಕಿದ್ದರು.

“ಶಿಕ್ಷಾ ಮುಗೀತು ಅಂತ ಜೈಲಿನವರು ಅಂದ್ರು. ಊರು ಇನ್ನೂ ಅಂದಿಲ್ಲ ನೋಡು,” ಎಂದು ಗೋಡೆ ಕಡೆ ತಿರುಗಿ ಮಲಗಿದ.

ದುರ್ಗಕ್ಕ ಪಟ್ಟಿ ಬರೆಯುವ ಮನೋಹರ್ ಮಾಸ್ತರ ಬಳಿ ಹೋದಳು.

“ಕಾನೂನು ಅಡ್ಡ ಬರಂಗಿಲ್ಲವ್ವಾ. ಜೈಲಿನಾಗ ಇರೋತನಕ ಅಷ್ಟ ಓಟಿಲ್ಲ. ಆದ್ರ ಊರು ತಕರಾರು ತಗದ್ರ ನಾ ಒಬ್ಬಾವ ಏನ್ ಮಾಡ್ಲಿ?”

“ಊರನ್ನ ಕೇಳ್ಕೊಂಡ್ ಬರ್ತೀನ್ರಿ.”

ಮನೆಮನೆಗೆ ಹೋಗಿ ಕೇಳಿದಳು. “ಹಾಕಸ್ರಿ ಯಕ್ಕಾ, ನಮ್ದೇನೈತಿ,” ಎಂದು ಎಲ್ಲರೂ ಚಹಾ ಕೊಟ್ಟರು. ವಾರದಲ್ಲಿ ಮಾಸ್ತರಿಗೆ ತಕರಾರಿನ ಅರ್ಜಿ ಬಂತು. ಚಹಾ ಕೊಟ್ಟವರಲ್ಲೇ ಹಲವರ ಸಹಿ.

ಸುಂಕಪ್ಪ ಜೈಲಿನಿಂದ ಬಂದ ಮೇಲೆ ಮೊದಲ ಸಲ ನಕ್ಕ. “ಏನ್ ಹುಚ್ಚಿ ಅದೀ. ಸಂತ್ಯಾಗ ಯಾರರ ಬಾಯಿಬಿಟ್ಟು ರೇಟ್ ಹೇಳ್ತಾರೇನ? ಮುಖ ನೋಡ್ಕೊಂತ ಯಾರೂ ಖರೆ ಹೇಳಂಗಿಲ್ಲ. ಟವಲ್ ತಗೊಂಡ್ ಹೋಗು.”

ಈ ಸಲ ಮನೆಮನೆಯ ಬಾಗಿಲಲ್ಲಿ ನಿಂತು ಕೈಮೇಲೆ ಟವಲ್ ಹಾಸಿದಳು. “ಬಾಯಿಲೆ ಹೇಳಬ್ಯಾಡ್ರಿ. ಹೆಸರು ಇರ್ಲಿ ಅಂದ್ರ ಒಂದು ಬೆರಳು ಒತ್ರಿ. ಬ್ಯಾಡ ಅಂದ್ರ ಮುಷ್ಟಿ.”

“ಏನಬೇ, ನನ್ನೂ ಮಾರಾಕ ಹೊಂಟಿಯೇನು?” ಎಂದಳು ಮುದುಕಿ ಅಕ್ಕನಾಗಮ್ಮ.

“ಹಲ್ಲು ನೋಡಿದ್ರ ಯಾರ್ ತಗೊಂತಾರ ನಿನ್ನ? ಕೈ ಕೊಡು.”

ಪ್ರತಿ ಮನೆಯಿಂದ ಹೊರಗೆ ಬಂದು ಬೆರಳಿಗೆ ಜೋಳದ ಕಾಳು, ಮುಷ್ಟಿಗೆ ಕಡಲೆ ಕಾಳು ಸೀರೆಯ ಉಡಿಗೆ ಹಾಕಿಕೊಂಡಳು. ಕಡೆಗೆ ಕಾಳಪ್ಪನ ಮನೆ. ಅವನೂ ಟವಲ್ಲಿನ ಕೆಳಗೆ ಕೈ ಇಟ್ಟ.

ಮಾಸ್ತರ ಮೇಜಿನ ಮೇಲೆ ಉಡಿ ಬಿಚ್ಚಿದಳು. ಜೋಳ ಮೂವತ್ತೆಂಟು, ಕಡಲೆ ಇಪ್ಪತ್ಮೂರು.

“ಇಷ್ಟು ಮಂದಿ ಬ್ಯಾಡ ಅಂದಾರಲ್ಲವ್ವಾ.”

“ಹೌದ್ರಿ. ಮೊದಲ ಎಲ್ಲಾರೂ ಹೂಂ ಅಂದಿದ್ರು. ಅದು ಸುಳ್ಳು. ಇದು ಖರೆ.”

ಮಾಸ್ತರು ಚಾವಡಿಯಲ್ಲಿ ಊರಿನ ಮುಂದೆ ಆ ಲೆಕ್ಕ ಹೇಳಿದರು. ತಮ್ಮ ಮಾತಿನ ಹಿಂದೆಯೇ ಊರೆಲ್ಲ ಇದೆ ಎಂದುಕೊಂಡಿದ್ದ ತಕರಾರಿನವರು ಒಬ್ಬರ ಮುಖ ಒಬ್ಬರು ನೋಡಿದರು. ಅರ್ಜಿ ವಾಪಸ್ ಪಡೆದರು. ಹೆಸರು ಸೇರಿತು.

“ಕಾಳಪ್ಪ ಏನ್ ಒತ್ತಿದ?” ಎಂದು ಸುಂಕಪ್ಪ ಕೇಳಿದ.

“ಟವಲ್ ಕೆಳಗಿನ ಮಾತು ಹೊರಗ ಬರಬಾರ್ದು ಅಂತ ನೀವ ಅಂತಿದ್ರಿ.”

ಓಟು ಹಾಕಿ ಬಂದ ದಿನ ಅವನು ಶಾಯಿ ಹಚ್ಚಿದ ಬೆರಳನ್ನು ಟವಲ್ಲಿನ ಕೆಳಗೆ ಅವಳ ಅಂಗೈಗೆ ಒತ್ತಿದ. ಅಷ್ಟೇ.

ಅದೇ ಅವನ ಕೊನೆಯ ಓಟು. ಮರುವರ್ಷ ಎದೆನೋವು ಬಂದು ತೀರಿಹೋದ.

ತಿಂಗಳ ಮೇಲೆ ಮಾಸ್ತರು ಹೆಸರು ತೆಗೆಯುವ ಕಾಗದ ಹಿಡಿದು ಬಂದರು. “ತಗೀಬೇಕಾಗ್ತೈತಿ ಯವ್ವಾ,” ಎಂದು ತಲೆ ತಗ್ಗಿಸಿದರು.

“ಎಲ್ಲೈತಿ, ತೋರಸ್ರಿ.”

ಅವರು ಪಟ್ಟಿಯಲ್ಲಿ ಒಂದು ಸಾಲು ತೋರಿಸಿದರು. ದುರ್ಗಕ್ಕನಿಗೆ ಓದಲು ಬಾರದು. ಆ ಸಾಲಿನ ಮೇಲೆ ಒಂದು ಬೆರಳಿಟ್ಟು ಒತ್ತಿದಳು. ಆಮೇಲೆ ಕಾಗದಕ್ಕೆ ಹೆಬ್ಬೆಟ್ಟು ಕೊಟ್ಟಳು.