ಬಚ್ಚಲಿನ ಚಿಲಕ

ಕಲ್ಲಡ್ಕದಲ್ಲಿ ನನ್ನದೊಂದು ಹಾರ್ಡ್‌ವೇರ್ ಅಂಗಡಿ. ಮೊಳೆ, ಬಿಜಾಗರಿ, ತೋಟದ ಪೈಪಿಗೆ ಬಿಗಿಯುವ ಕ್ಲಿಪ್ಪು, ಕತ್ತಿಯ ಹಿಡಿಗೆ ತೊಡಿಸುವ ಬಳೆ, ಎಲ್ಲ ಉಂಟು. ಊರಿನ ಅರ್ಧ ಬಾಗಿಲುಗಳಿಗೆ ಚಿಲಕ ಕೊಟ್ಟವನು ನಾನೇ ಎಂದು ಜಂಬ ಕೊಚ್ಚಿಕೊಂಡದ್ದೂ ಉಂಟು. ನನ್ನ ಮನೆಯ ಬಚ್ಚಲಿಗೆ ಮಾತ್ರ ಚಿಲಕ ಇರಲಿಲ್ಲ.

ಹಳೆಯದು ಯಾವಾಗಲೋ ತುಕ್ಕು ಹಿಡಿದು ಉದುರಿತ್ತು. ಕೇಳಿದರೆ ನಾಳೆ ತರುತ್ತೇನೆ ಎನ್ನುತ್ತಿದ್ದೆ. ಬಚ್ಚಲು, ಕಕ್ಕಸು ಎರಡೂ ಅಲ್ಲೇ. ಹತ್ತಿರ ಹೋಗುವವರು ಕೆಮ್ಮಬೇಕು, ಒಳಗಿದ್ದವರು ತಿರುಗಿ ಕೆಮ್ಮಬೇಕು. ನಮ್ಮ ಮನೆಯ ಕ್ರಮ ಅದು. ಮಗನಿಗೆ ಮದುವೆಯಾದ ಮೇಲೆ ಹೆಂಡತಿ ಹೊಸ ಸೊಸೆಗೂ ಅದನ್ನೇ ಹೇಳಿಕೊಟ್ಟಳು. ಹುಡುಗಿ ತಲೆಯಾಡಿಸಿದಳು. ನಾನು ಪೇಪರ್ ಓದುತ್ತ ಕೂತಿದ್ದೆ.

ಮೊದಲ ಆಟಿ ತಿಂಗಳಿಗೆ, ಅಂದರೆ ನಮ್ಮ ಕಡೆಯ ಆಷಾಢಕ್ಕೆ, ಎಲ್ಲ ಹೊಸ ಸೊಸೆಯಂದಿರಂತೆ ಅವಳೂ ಬೆಳ್ತಂಗಡಿ ಕಡೆಯ ತವರಿಗೆ ಹೋದಳು. ಆಟಿ ಮುಗಿದರೂ ಬರಲಿಲ್ಲ. ಮಗ ಫೋನು ಮಾಡಿದರೆ ಇನ್ನೆರಡು ದಿನ ಎನ್ನುತ್ತಿದ್ದಳಂತೆ. ಈಗಿನ ಹುಡುಗಿಯರಿಗೆ ಹೊಂದಿಕೊಂಡು ಹೋಗಲು ಗೊತ್ತಿಲ್ಲ ಎಂದು ಅಂಗಡಿಗೆ ಬಂದವರ ಮುಂದೆಲ್ಲ ಗೊಣಗಿದೆ. ಏನು ದರಿದ್ರ ಬಾಯಿ ನನ್ನದು!

ಕಳೆದ ವಾರ ಅವಳ ಅಪ್ಪ ಅಂಗಡಿಗೆ ಬಂದರು. ಮಾತು ಕಡಿಮೆಯ ಮನುಷ್ಯ. ಕುರ್ಚಿ ಹಾಕಿ ಚಹಾ ತರಿಸಿದೆ. ಬಚ್ಚಲಿಗೆ ಹಾಕುವ ಒಂದು ಚಿಲಕ ಬೇಕು ಎಂದರು. ನಾನು ಹುಮ್ಮಸ್ಸಿನಿಂದ ಹಿತ್ತಾಳೆಯದ್ದು, ಸ್ಟೀಲಿನದ್ದು ಎಲ್ಲ ಮೇಜಿನ ಮೇಲೆ ಹರಡಿದೆ. ನೀರು ಬಿದ್ದರೂ ಇದಕ್ಕೆ ಏನೂ ಆಗುವುದಿಲ್ಲ ಎಂದು ಒಂದನ್ನು ಎಳೆದು ತೋರಿಸಿದೆ. ಬಾಗಿಲು ಮರದ್ದೋ ಫೈಬರಿನದ್ದೋ ಎಂದು ಕೇಳಿದೆ.

"ಅದು ನಿಮಗೇ ಗೊತ್ತುಂಟಲ್ಲ, ನಿಮ್ಮ ಮನೆಯ ಬಾಗಿಲು," ಎಂದರು ಅವರು. "ನೀವು ಮನೆಯಲ್ಲಿದ್ರೆ ಅವಳು ಆ ಕಡೆ ಹೋಗುವುದೇ ಇಲ್ಲವಂತೆ. ಅದಕ್ಕೇಂತ ನೀರು ಕುಡಿಯುವುದನ್ನೇ ಬಿಟ್ಟಿದ್ಲು. ಇದನ್ನು ಹಾಕಿ ಆದ ಮೇಲೆ ಹೇಳಿ, ನಾನೇ ಕರ್ಕೊಂಡು ಬರ್ತೇನೆ."

ಸಿಟ್ಟಿನಲ್ಲಿ ಬೈದಿದ್ದರೆ ವಾಸಿಯಿತ್ತು. ಅವರು ಜೇಬಿಗೆ ಕೈ ಹಾಕಿದಾಗ ಆ ಕೈಯನ್ನು ಹಿಡಿದುಕೊಂಡೆ. ಮುಖ ಎತ್ತಿ ನೋಡಲು ನನ್ನಿಂದ ಆಗಲಿಲ್ಲ, ಅಷ್ಟು ನಾಚಿಕೆ.

ಅಂಗಡಿಯ ಶಟರ್ ಎಳೆದು ಮನೆಗೆ ಹೋಗಿ ಚಿಲಕ ಕೂರಿಸಿದೆ. ಅವರಿಗೆ ಫೋನು ಮಾಡಿದೆ. ನಾಳೆಯೇ ಬರುತ್ತೇವೆ ಎಂದರು.

ಹೆಂಡತಿ ಬಚ್ಚಲಿನ ಒಳಗೆ ಹೋಗಿ ಚಿಲಕ ಹಾಕಿದಳು, ತೆಗೆದಳು, ಪುನಃ ಹಾಕಿದಳು. ಸುಮಾರು ಹೊತ್ತಿನ ಮೇಲೆ ಹೊರಗೆ ಬಂದಳು.

"ನಾನೂ ಎಷ್ಟು ವರ್ಷದಿಂದ ಹೇಳ್ತಾ ಇದ್ದೆ," ಎಂದಳು. "ನನ್ನ ಅಪ್ಪನಿಗೆ ಹೇಳ್ಬೇಕಿತ್ತು ಅಂತ ನನಗೆ ಗೊತ್ತಾಗ್ಲಿಲ್ಲ."