ಶುಕ್ರವಾರದ ಮೂರು ಸಾಲು

ಹಳೇ ಸೀರೆಗೆ ಸ್ಟೀಲ್ ಪಾತ್ರೆ ಕೊಡುತ್ತ ಸೈಕಲ್ಲಿನ ಮೇಲೆ ಶಿರೋಳ, ಯಾವಗಲ್ ತಿರುಗಿದವನು ನಾನು. ಗಜೇಂದ್ರಗಡದಲ್ಲಿ ಸ್ವಂತ ಅಂಗಡಿ ಹಾಕಿದ ಮೇಲೂ ಯಾರ ಮಾತನ್ನೂ ಮೊದಲ ಸಲಕ್ಕೇ ನಂಬಿದವನಲ್ಲ. ಎರಡು ಸಾವಿರದ ಆರೋ ಏಳೋ ಇರಬೇಕು, ನರಗುಂದದಲ್ಲಿ ಒಂದು ಹಳೇ ಕಂಪ್ಯೂಟರ್ ಕೊಂಡೆ. ಮಾರುವವನ ಜೊತೆ ಅರ್ಧ ದಿನ ಜಗ್ಗಾಡಿ ಮನೆಲೆಕ್ಕದ ಸಾಫ್ಟ್‌ವೇರನ್ನೂ ಪುಕ್ಕಟೆ ಹಾಕಿಸಿಕೊಂಡೆ. ಕಂಪ್ಯೂಟರ್ ಕ್ಲಾಸಿಗೆ ಹೋಗಿದ್ದ ಸೊಸೆಗೆ ಲೆಕ್ಕ ಒಪ್ಪಿಸಿದೆ. ತಿಂಗಳ ಕೊನೆಗೆ ಖರ್ಚು ಕಳೆದು ಉಳಿದ ಶಿಲ್ಕನ್ನು ಮಾತ್ರ ನಾನೇ ಕಿಸೆಯ ಡೈರಿಯಲ್ಲಿ ಬರೆದಿಡುತ್ತಿದ್ದೆ. ನೀವೂ ಬರೆದಿಡಿ, ಎಷ್ಟೇ ಚಲೋ ಕೈಯಲ್ಲಿ ಲೆಕ್ಕ ಇರಲಿ.

ಒಮ್ಮೆ ಹದಿನೈದು ದಿನ ಬಿಟ್ಟು ನೋಡುತ್ತೇನೆ, ಮುಗಿದುಹೋದ ತಿಂಗಳ ಶಿಲ್ಕೇ ಇಳಿದಿದೆ. ಡೈರಿಗಿಂತ ಸಾವಿರದ ಮುನ್ನೂರ ಐವತ್ತು ಕಡಿಮೆ! ತಿಂಗಳ ನೂರಾರು ಸಾಲು ತಾರೀಖಿನ ಪ್ರಕಾರ ಸಾಲಾಗಿ ಕೂತಿದ್ದವು. ಹೊಸದು ಯಾವುದು, ಹಳೆಯದು ಯಾವುದು, ಗುರುತೇ ಇಲ್ಲ.

ಸೊಸೆ ಹಳೆಯದೇನೂ ತಿದ್ದಿಲ್ಲ ಎಂದಳು. ನಾನು ಅಟ್ಟದಿಂದ ಹಳೇ ಲೆಕ್ಕದ ಕೆಂಪು ವಹಿ ಇಳಿಸಿದೆ. ಇವತ್ತಿನಿಂದ ಲೆಕ್ಕ ನಾನೇ ಬರೆಯುತ್ತೇನೆ ಅಂದೆ. ಕಳ್ಳಿ ಎನ್ನಲಿಲ್ಲ, ಎನ್ನುವುದೇನೂ ಉಳಿದಿರಲಿಲ್ಲ. ಅವಳ ಮುಖ ಇಳಿಯಿತು.

"ಒಂದ ನಿಮಿಷ ನಿಲ್ರಿ ಮಾವಾರ," ಎಂದು ಕೂತಳು.

ಪರದೆಯಲ್ಲಿ ಇನ್ನೊಂದು ಖಾನೆ ತೆರೆದಳು. ಖರ್ಚಾದ ದಿನವಲ್ಲ, ಆ ಖರ್ಚನ್ನು ಕಂಪ್ಯೂಟರಿಗೆ ಹೇಳಿದ ದಿನ. ಅದರ ತಲೆಯ ಮೇಲೆ ಒತ್ತಿದಳು. ಸಾಲುಗಳೆಲ್ಲ ಎದ್ದು ಜಾಗ ಬದಲಿಸಿದವು. ತಿಂಗಳು ಮುಗಿದ ಮೇಲೆ ಬರೆಸಿಕೊಂಡವು ಮೂರೇ, ತಳದಲ್ಲಿ ನಿಂತಿದ್ದವು: ರೋಣದಿಂದ ತಂದ ಜೋಳದ ಚೀಲ, ಗ್ಯಾಸ್ ಸಿಲಿಂಡರ್, ಗಿರಣಿಯ ಬೀಸುಗೂಲಿ. ಖರ್ಚಾದದ್ದು ತಿಂಗಳ ಕಡೇ ದಿನ, ಶುಕ್ರವಾರ. ಬರೆದದ್ದು ಮರುದಿನ, ಶನಿವಾರ. ಮೂರೂ ಕೂಡಿದರೆ ಸರಿಯಾಗಿ ಸಾವಿರದ ಮುನ್ನೂರ ಐವತ್ತು.

ಶುಕ್ರವಾರ ಖರ್ಚು ಬರೆದರೆ ಲಕ್ಷ್ಮಿ ಹೊರಗೆ ಹೋಗುತ್ತಾಳೆಂದು ನಮ್ಮವ್ವನ ಕಟ್ಟಳೆ. ಖರ್ಚಾದರೆ ಆಗಲಿ, ಬರೆಯುವುದು ಶನಿವಾರ. ಆ ಕಟ್ಟಳೆಯನ್ನು ಸೊಸೆಗೆ ಹೇಳಿಕೊಟ್ಟವನೂ ನಾನೇ, ಅವತ್ತು ಆ ಮೂರು ಖರ್ಚಿನ ಚೀಟಿ ತಂದವನೂ ನಾನೇ, ಅದೇ ಶುಕ್ರವಾರ ಸಂಜೆ ಶಿಲ್ಕು ಬರೆದುಕೊಂಡವನೂ ನಾನೇ.

"ಹಳೇ ಸೀರಿ ಕೊಳ್ಳುವಾಗ ತೂತು ಹುಡುಕವ್ರು," ಎಂದಳು ನನ್ನ ಹೆಂಡತಿ, "ಕಿಸೇದಾಗಿಂದು ಕಾಣಲಿಲ್ಲೇನ್ರಿ?"

ವಹಿಯಲ್ಲಿ ಒಮ್ಮೆ ಕೂತ ಸಾಲು ಏಳುವುದಿಲ್ಲ. ಕಂಪ್ಯೂಟರಿನಲ್ಲಿ ಪ್ರತಿ ರೂಪಾಯಿಗೂ ಎರಡು ದಿನ: ಹೋದ ದಿನ, ಹೇಳಿದ ದಿನ. ಯಾರೂ ಕೇಳದಿದ್ದರೂ ಎರಡನ್ನೂ ಅದು ನೆನಪಿಟ್ಟಿತ್ತು. ಮನೆಯವರ ಮೇಲೆ ಸಂಶಯ ಬಂದಾಗ ಬಾಯಿ ತೆರೆಯುವ ಮೊದಲು ಎರಡನೆಯ ದಿನವನ್ನೂ ನೋಡಿ. ನಾನು ನೋಡಿರಲಿಲ್ಲ.

ಡೈರಿಯ ಅಂಕಿ ಹೊಡೆದುಹಾಕಿದೆ. ವಹಿಯನ್ನು ಮತ್ತೆ ಅಟ್ಟಕ್ಕೇರಿಸಿ ಬಂದು ಸೊಸೆಯ ಪಕ್ಕದಲ್ಲಿ ಸ್ಟೂಲು ಹಾಕಿ ಕೂತೆ.

"ತಪ್ಪು ನಂದವ್ವ. ಲೆಕ್ಕ ನಿನ್ನ ಕೈಯಾಗ ಇರಲಿ," ಎಂದೆ. "ಇನ್ನೊಮ್ಮೆ ಒತ್ತು, ನೋಡೂಣು."

ಅವಳು ಕಣ್ಣೊರೆಸಿಕೊಂಡು ಒತ್ತಿದಳು. ಸಾಲುಗಳು ಮತ್ತೆ ಎದ್ದವು.