ಮುತ್ತತ್ತಿರಾಯನ ಮುಡಿಗೆ ನಾನು ಬ್ಲೇಡು ಹಾಕಿದ ದಿನ

ಮಗುವಿನ ತಲೆ ಅರ್ಧ ಬೋಳಿಸಿ ಆಗಿತ್ತು. ಆಗ ಅದರ ಅಜ್ಜಿ ಚೊಂಬಿನಲ್ಲಿ ಬಿಸಿನೀರು ಹಿಡಿದುಕೊಂಡು ವಾರ್ಡಿನೊಳಗೆ ಬಂದರು.

ಚೊಂಬು ಕೆಳಗಿಟ್ಟು ನನ್ನ ಕೈಯಲ್ಲಿದ್ದ ಬ್ಲೇಡು ನೋಡಿದರು. ಆಮೇಲೆ ನೆಲದ ಮೇಲೆ ಬಿದ್ದಿದ್ದ ಕೂದಲು ನೋಡಿದರು.

"ದ್ಯಾವ್ರ ಮುಡಿಗೆ ಬ್ಲೇಡ್ ಆಕ್ಬುಟ್ಟಲ್ಲವ್ವ..." ಅಂದರು. ಕೂಗಾಡಲಿಲ್ಲ. ಕೂಗಾಡಿದ್ದರೆ ನಾನೂ ಕೂಗಾಡಬಹುದಿತ್ತು.

ಇದು ಎಪ್ಪತ್ತರ ದಶಕದ ಮಾತು, ಊರು ಮಂಡ್ಯ. ಎಂಬಿಬಿಎಸ್ ಮುಗಿಸಿ ಮಕ್ಕಳ ವಾರ್ಡಿಗೆ ಸೇರಿ ನನಗಿನ್ನೂ ನಾಲ್ಕು ತಿಂಗಳು.

ಮೊನ್ನೆ ಪರಿಚಯದ ಹುಡುಗಿಯೊಬ್ಬಳು ಮಕ್ಕಳ ಐಸಿಯು ಫೆಲೋಶಿಪ್‌ಗೆ ಸೇರಿ ಫೋನ್ ಮಾಡಿದ್ದಳು. ನಿಮ್ಮ ಕಾಲದಲ್ಲಿ ಈ ಟ್ರೈನಿಂಗ್ ಹೇಗಿತ್ತು ಮೇಡಂ ಅಂತ ಕೇಳಿದಳು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಆಗ ನಮ್ಮಲ್ಲಿ ಐಸಿಯು ಇರಲಿಲ್ಲ, ಮಾನಿಟರ್ ಇರಲಿಲ್ಲ. ಟ್ರೈನಿಂಗ್ ಅಂದರೆ ನಮ್ಮ ದೊಡ್ಡ ಡಾಕ್ಟರು, ಅಷ್ಟೇ. ಮೊದಲ ವಾರ ಅವರು ನನಗೆ ಸ್ಟೆತಾಸ್ಕೋಪ್ ಮುಟ್ಟಲು ಬಿಡಲಿಲ್ಲ. ಕಾಯಿಲೆಯ ಮಗುವಿನ ಪಕ್ಕ ಸ್ಟೂಲು ಹಾಕಿ ಕೂರಿಸಿ, ಬರೀ ಉಸಿರು ಎಣಿಸು ಅಂದಿದ್ದರು.

ಅವರು ಮದ್ದೂರು ಕಡೆಯ ಒಕ್ಕಲು ಮನೆಯವರು, ಮಾತು ಒರಟು. ನಾನು ಪೇಟೆಯ ಮೇಷ್ಟರ ಮಗಳು. ಪುಸ್ತಕ ಚೆನ್ನಾಗಿ ಓದಿದ್ದೆ, ಅದರ ಜಂಬವೂ ಸ್ವಲ್ಪ ಇತ್ತು.

ಆ ಮಗುವಿಗೆ ಒಂಬತ್ತು ತಿಂಗಳು. ಎರಡು ದಿನದಿಂದ ವಾಂತಿ ಭೇದಿ. ಮಳವಳ್ಳಿ ಕಡೆಯ ಹಳ್ಳಿಯಿಂದ ತಾಯಿ ಜಯಮ್ಮ, ಅವಳ ಅತ್ತೆ ನಿಂಗಮ್ಮ ಇಬ್ಬರೇ ಎತ್ತಿಕೊಂಡು, ಮದ್ದೂರಿನಲ್ಲಿ ಬಸ್ಸು ಬದಲಾಯಿಸಿ ಬಂದಿದ್ದರು. ಮಗುವಿನ ಅಪ್ಪ ಬ್ಲಫ್ ಅನ್ನುವ ಊರಿನ ಪವರ್ ಸ್ಟೇಷನ್ ಡ್ಯೂಟಿಯಲ್ಲಿದ್ದ.

ಕಣ್ಣು ಒಳಕ್ಕೆ ಹೋಗಿತ್ತು, ನೆತ್ತಿ ಗುಳಿ ಬಿದ್ದಿತ್ತು. ಅಳುವುದಕ್ಕೂ ಮಗುವಿಗೆ ತ್ರಾಣ ಇರಲಿಲ್ಲ.

ಕೂಡಲೇ ಡ್ರಿಪ್ ಹಾಕಬೇಕು, ಆದರೆ ಕೈಕಾಲಲ್ಲಿ ನರವೇ ಸಿಗುತ್ತಿಲ್ಲ. ಅಂಥ ಕೂಸುಗಳಿಗೆ ತಲೆಯ ನರಕ್ಕೆ ಸೂಜಿ ಹಾಕುತ್ತೇವೆ. ಅದಕ್ಕೆ ಅಷ್ಟು ಜಾಗದ ಕೂದಲು ತೆಗೆಯಬೇಕು.

ನಾನು ಬ್ಲೇಡು ತೆಗೆದುಕೊಂಡಾಗ ಜಯಮ್ಮ ನನ್ನ ಕೋಟಿನ ತೋಳು ಹಿಡಿದು ಏನೋ ಹೇಳಲು ಬಂದಳು. ಹೆದರಿದ್ದಾಳೆ ಅಂದುಕೊಂಡು ತೋಳು ಬಿಡಿಸಿಕೊಂಡೆ.

ಅದು ಹುಟ್ಟುಗೂದಲು. ಮೊದಲಿನ ಇಬ್ಬರು ಮಕ್ಕಳು ಕೈಗೆ ಹತ್ತಿರಲಿಲ್ಲ. ಇದೊಂದು ಉಳಿದರೆ ಮೊದಲ ಮುಡಿ ನಿನಗೇ ಅಂತ ನಿಂಗಮ್ಮ ಮುತ್ತತ್ತಿರಾಯನಿಗೆ ಹರಕೆ ಹೊತ್ತಿದ್ದರು. ಹರಕೆ ತೀರುವವರೆಗೆ ಆ ತಲೆಗೆ ಕತ್ತರಿ ಸಹ ತಾಗುವಂತಿರಲಿಲ್ಲ.

ಇದೇ ಜಿಲ್ಲೆಯಲ್ಲಿ ಹುಟ್ಟಿ ಬೆಳೆದ ನನಗೆ ಇಂಥ ಹರಕೆ ಗೊತ್ತಿಲ್ಲದ ವಿಷಯವೇನಲ್ಲ. ಆ ಹೊತ್ತಿನಲ್ಲಿ ತಲೆಗೆ ಬರಲಿಲ್ಲ.

ನಿಂಗಮ್ಮ ಮಗುವನ್ನು ಎತ್ತಿ ಹೆಗಲಿಗೆ ಹಾಕಿಕೊಂಡರು. ಸೊಸೆಗೆ ಹೊರಡು ಅಂದರು.

ನನಗೆ ಸಿಟ್ಟು ಬಂತು, ಅದಕ್ಕಿಂತ ಹೆಚ್ಚಾಗಿ ಭಯ. ದೇಹದ ನೀರು, ಉಪ್ಪು ಅಂತ ಪಾಠ ಶುರು ಮಾಡಿದೆ. ಅವರು ಹೆಜ್ಜೆ ನಿಲ್ಲಿಸದಿದ್ದಾಗ, ಬಸ್ಸು ಮದ್ದೂರು ಮುಟ್ಟುವ ಮೊದಲೇ ಮಗು ಸತ್ತುಹೋಗುತ್ತದೆ ಅಂದುಬಿಟ್ಟೆ.

ಸುಳ್ಳೇನೂ ಹೇಳಿರಲಿಲ್ಲ... ಆದರೆ ನಿಂಗಮ್ಮ ಅಂಗೈಯಿಂದ ಮಗುವಿನ ಕಿವಿ ಮುಚ್ಚಿದರು.

ಅಷ್ಟರಲ್ಲಿ ಆಯಾ ಹೋಗಿ ದೊಡ್ಡ ಡಾಕ್ಟರನ್ನು ಕರೆದುಕೊಂಡು ಬಂದಳು. ಅವರು ಮಗುವನ್ನು ಒಂದು ಸಲ ನೋಡಿದರು. ಕಾಯಿಲೆಯ ಮಾತು ಎತ್ತಲೇ ಇಲ್ಲ. ಯಾವ ದೇವರು, ಯಾರು ಹೊತ್ತ ಹರಕೆ ಅಂತ ಕೇಳಿದರು.

ಆಮೇಲೆ ನನ್ನ ಕಡೆ ತಿರುಗಿ, ಆ ಕೂದಲನ್ನು ನೀನೇ ಎತ್ತು, ನೆಲದಲ್ಲಿ ಒಂದೆಳೆ ಉಳಿಯಬಾರದು ಅಂದರು.

ಇಡೀ ವಾರ್ಡು ನೋಡುತ್ತಿತ್ತು. ಬಿಳಿ ಕೋಟು ಹಾಕಿಕೊಂಡೇ ಮಂಡಿಯೂರಿ, ಫಿನಾಯಿಲ್ ವಾಸನೆಯ ನೆಲದಿಂದ ಕೂದಲು ಹೆಕ್ಕಿ ಶುದ್ಧ ಬಟ್ಟೆಗೆ ಹಾಕಿದೆ. ನಾಚಿಕೆಯಿಂದ ಕಣ್ಣು ತುಂಬಿ ಎಳೆಗಳು ಸರಿಯಾಗಿ ಕಾಣುತ್ತಿರಲಿಲ್ಲ.

"ಮುಡಿ ಎಲ್ ತೆಗುದ್ರೂ ಅವನ್ಗೇ ಸೇರ್ತದೆ ಕಣವ್ವ. ತಪ್ಕಾಣ್ಕೆನ ಇವಳ ಕೈಲೇ ಕಟ್ಟುಸ್ತೀನಿ," ಅಂದರು ಡಾಕ್ಟರು. "ಈಗ ಕೂಸಿನ ತಲೆ ನೀನೇ ಇಡ್ಕೊ."

ನಿಂಗಮ್ಮ ಸ್ವಲ್ಪ ಹೊತ್ತು ನಿಂತೇ ಇದ್ದರು. ನಾನು ಅವರ ಹೆಗಲ ಮೇಲಿದ್ದ ಮಗುವಿನ ಉಸಿರು ಎಣಿಸುತ್ತಿದ್ದೆ, ಇನ್ನೇನೂ ತೋಚುತ್ತಿರಲಿಲ್ಲ. ಕೊನೆಗೆ ಅವರು ವಾಪಸು ಬಂದು ಮಗುವನ್ನು ಮಂಚದ ಮೇಲೆ ಮಲಗಿಸಿ, ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡರು.

ಎರಡು ಸಲ ಸೂಜಿ ತಪ್ಪಿತು. ಮೂರನೇ ಸಲ ನರ ಸಿಕ್ಕಿತು.

ಆಮೇಲೆ ಅರಿಶಿನದ ಬಟ್ಟೆಯಲ್ಲಿ ಒಂದು ನಾಣ್ಯ ಕಟ್ಟಿ, ತಪ್ಪಾಯಿತು ಅಂತ ಹೇಳಿ ನಿಂಗಮ್ಮನ ಕೈಗೆ ಕೊಟ್ಟೆ. ಅವರು ಅದನ್ನು ಕಣ್ಣಿಗೊತ್ತಿಕೊಂಡು ಕೂದಲಿನ ಗಂಟಿನ ಜೊತೆ ಇಟ್ಟುಕೊಂಡರು.

ಸಂಜೆ ಹೊತ್ತಿಗೆ ಮಗು ಒಂದಕ್ಕೆ ಮಾಡಿತು. ಬಟ್ಟೆ ಒದ್ದೆಯಾಗಿದ್ದನ್ನು ನೋಡಿ ನಾನೂ ಜಯಮ್ಮನೂ ಒಟ್ಟಿಗೆ ನಕ್ಕೆವು. ಕಿಡ್ನಿ ಕೆಲಸ ಮಾಡುತ್ತಿದೆ ಅಂದರೆ ಮಗು ನಮ್ಮ ಕಡೆಗೆ ಬಂತು ಅಂತಲೇ ಅರ್ಥ.

ನಾಲ್ಕನೇ ದಿನ ಡಿಸ್ಚಾರ್ಜ್. ಜಂಬ ಅಷ್ಟು ಬೇಗ ಹೋಗುವುದಿಲ್ಲ ನೋಡಿ... ನಿಂಗಮ್ಮ ಹೊರಟಾಗ, ಅವತ್ತು ನಿಮ್ಮನ್ನು ಕೇಳಿಕೊಂಡು ಕೂರಲು ಟೈಮ್ ಇರಲಿಲ್ಲ ಅಂತ ಸಮಜಾಯಿಷಿ ಹೇಳಲು ಹೋದೆ.

ಅವರು ಮಗುವಿನ ಅರ್ಧ ಬೋಳು ತಲೆಗೆ ಕುಲಾವಿ ಕಟ್ಟುತ್ತಾ ಹೇಳಿದರು.

"ಒಂದ್ ಮಾತು ಕೇಳಿದ್ರೆ ನಾನು ಬ್ಯಾಡ ಅಂತಿದ್ನಾ ಡಾಕ್ಟ್ರಮ್ಮ? ಕೂಸು ಉಳೀಲಿ ಅಂತ ತಾನೆ ಅರಕೆ ಕಟ್ಕಂಡಿದ್ದು."

ಅವರು ಬಸ್ ಸ್ಟ್ಯಾಂಡಿಗೆ ಹೋದರು.

ನಿಮ್ಮ ಮಗುವಿಗೆ ಸೂಜಿ ಹಿಡಿಯುವ ಮೊದಲು ಯಾವ ಡಾಕ್ಟರಾದರೂ ನಿಮ್ಮನ್ನು ಒಂದು ಮಾತು ಕೇಳಿದ್ದು ನೆನಪಿದೆಯಾ?